ಮಾರ್ಕರ್ ಅಂಕಿಗೆ ಗೆರೆ ಎಳೆದು ನಾನು ಎಡವಿದ್ದು

ಜಠರದ ಕ್ಯಾನ್ಸರ್‌ಗೆ ನಮ್ಮಲ್ಲಿ ಚಿಕಿತ್ಸೆ ಪಡೆದವರ ಕಡತಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದೆ. ಚಿಕಿತ್ಸೆಗೆ ಮುಂಚಿನ ರಕ್ತ ಪರೀಕ್ಷೆಯ ಸಿಇಎ, ಸಿಎ 19-9, ಸಿಎ 72-4 ಎಂಬ ಮಾರ್ಕರ್‌ಗಳನ್ನು (ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ವಸ್ತುಗಳು) ನೋಡಿ, ಯಾರು ಎಷ್ಟು ಕಾಲ ಬದುಕಬಹುದೆಂದು ಅಂದಾಜು ಮಾಡಲಾದೀತೇ ಎಂಬುದು ನನ್ನ ಪ್ರಶ್ನೆ.

ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆ. ಸಿಇಎಗೆ 5, ಸಿಎ 19-9ಕ್ಕೆ 37 ಎಂದು ಗೆರೆ ಎಳೆದು ರೋಗಿಗಳನ್ನು ಎರಡು ಗುಂಪು ಮಾಡಿದೆ. ಕಾಲ ಕಳೆದಂತೆ ಪ್ರತಿ ಗುಂಪಿನಲ್ಲಿ ಎಷ್ಟು ಮಂದಿ ಬದುಕಿರುತ್ತಾರೆಂದು ತೋರಿಸುವ ಕಪ್ಲಾನ್-ಮೇಯರ್ ರೇಖೆಗಳು ದೂರ ಸರಿದು ನಿಂತವು. ಹಿಗ್ಗಿದೆ. ಆದರೆ ಹಲವು ಅಂಶಗಳ ಪರಿಣಾಮವನ್ನು ಒಟ್ಟಿಗೆ ತೂಗುವ ಕಾಕ್ಸ್ ಮಾದರಿಗೆ ರೋಗದ ಹಂತವನ್ನು ಸೇರಿಸಿದ ಕೂಡಲೇ ಆ ಅಂತರದ ಬಹುಪಾಲು ಕರಗಿತು. ಗಡ್ಡೆ ಆಳಕ್ಕಿಳಿದವರಲ್ಲಿ, ದೂರಕ್ಕೆ ಹಬ್ಬಿದವರಲ್ಲಿ ಮಾರ್ಕರ್ ಏರಿರುವ ಸಾಧ್ಯತೆ ಹೆಚ್ಚು. ಹಂತವನ್ನೇ ನಾನು ಇನ್ನೊಂದು ಹೆಸರಿನಲ್ಲಿ ಅಳೆದಿದ್ದೆ.

ಮತ್ತೆ ಒಂದೊಂದೇ ಕಡತ ಬಿಚ್ಚಿದೆ. ಒಬ್ಬರ ಸಿಎ 19-9 '0.6ಕ್ಕಿಂತ ಕಡಿಮೆ' ಎಂದಿತ್ತು. ಅಪಾಯ ಕಡಿಮೆ ಇರುವವರ ಗುಂಪಿಗೆ ಹಾಕಿದ್ದೆ. ಅವರ ಲ್ಯಾಪರೊಸ್ಕೋಪಿ (ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ವರದಿ ಓದಿದರೆ, ಉದರದ ಒಳಪೊರೆಯ ತುಂಬ ಕ್ಯಾನ್ಸರ್ ಹಬ್ಬಿದ ಬಿಳಿಯ ಸಣ್ಣ ಗಂಟುಗಳು! ರಕ್ತದ ಗುಂಪಿನಂತೆ ಹುಟ್ಟಿನಿಂದಲೇ ಬರುವ ಲೂಯಿಸ್ ಪ್ರತಿಜನಕ ಇಲ್ಲದವರ ದೇಹ ಈ ಮಾರ್ಕರನ್ನು ತಯಾರಿಸುವುದಿಲ್ಲ. ನೂರರಲ್ಲಿ 5ರಿಂದ 10 ಮಂದಿ ಹಾಗಿರುತ್ತಾರೆ. ರೋಗ ಎಷ್ಟೇ ಹಬ್ಬಿದರೂ ಅವರ ಅಂಕಿ ಏರದು. ಇನ್ನೊಬ್ಬರದು ತದ್ವಿರುದ್ಧ: ಪಿತ್ತನಾಳ ಕಟ್ಟಿ ಕಾಮಾಲೆಯಾಗಿದ್ದಾಗ ಏರಿದ್ದ ಸಿಎ 19-9, ಸ್ಟೆಂಟ್ ಹಾಕಿದ ಮೇಲೆ ತಾನಾಗಿ ಇಳಿದಿತ್ತು. ಧೂಮಪಾನಿಗಳ ಸಿಇಎ ಕ್ಯಾನ್ಸರ್ ಇಲ್ಲದಿದ್ದರೂ ತುಸು ಹೆಚ್ಚಿರುತ್ತದೆ. ಕೆಲವರ ರಕ್ತ ಬೇರೆ ಬೇರೆ ಪ್ರಯೋಗಾಲಯಗಳಿಗೆ ಹೋಗಿತ್ತು. ಉಪಕರಣ ಬದಲಾದರೆ ಅಂಕಿಯೂ ಬದಲಾಗುತ್ತದೆ, ಅವನ್ನು ಒಂದೇ ಸಾಲಿನಲ್ಲಿ ಓದುವಂತಿಲ್ಲ.

ಎರಡನೆಯ ಸಲ ಗೆರೆ ಎಳೆಯಲಿಲ್ಲ. ಅಂಕಿಗಳನ್ನು ಲಾಗರಿದಮ್‌ಗೆ ಬದಲಿಸಿ, ಹಂತ ಮತ್ತು ವಯಸ್ಸು ಇರುವ ಮಾದರಿಗೆ ಸೇರಿಸಿ, ಸಿ-ಸೂಚ್ಯಂಕ (ಯಾರು ಹೆಚ್ಚು ಕಾಲ ಬದುಕುತ್ತಾರೆಂದು ಮಾದರಿ ಎಷ್ಟು ಸರಿಯಾಗಿ ಹೇಳುತ್ತದೆಂಬ ಅಳತೆ) ಎಷ್ಟು ಏರುತ್ತದೆಂದು ನೋಡಿದೆ. ಏರಿತು, ಆದರೆ ಅತ್ಯಲ್ಪ. ನಮ್ಮದೇ ರೋಗಿಗಳಲ್ಲಿ ಅತಿ ಚೆನ್ನಾಗಿ ಹೊಂದುವ ಗೆರೆಯನ್ನು ಹುಡುಕಿ ಪ್ರಕಟಿಸುವ ಅಭ್ಯಾಸದ ಮೇಲೆ ನನಗೆ ನಂಬಿಕೆ ಹೋದದ್ದು ಆಗಲೇ. ಬೇರೆಡೆಯ ರೋಗಿಗಳ ಮುಂದೆ ಅಂಥ ಗೆರೆ ನಿಲ್ಲುವುದು ಅಪರೂಪ.

ಈಗಲೂ ಮಾರ್ಕರ್ ಮಾಡಿಸುತ್ತೇನೆ. ಚಿಕಿತ್ಸೆಗೆ ಮುನ್ನ ಒಮ್ಮೆ, ನಂತರ ಅದೇ ಪ್ರಯೋಗಾಲಯದಲ್ಲಿ. ಮೊದಲೇ ಏರಿದ್ದದ್ದು ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರ ಕಳೆದರೂ ಇಳಿಯದಿದ್ದರೆ ಚಿಂತೆಯಾಗುತ್ತದೆ, ಸ್ಕ್ಯಾನ್ ಬೇಗ ಮಾಡಿಸುತ್ತೇನೆ. "ಡಾಕ್ಟರೇ, ನಂಬರ್ ಇಳಿದಿದೆಯಲ್ಲ, ಇನ್ನು ಭಯವಿಲ್ಲ ತಾನೇ?" ಎಂದು ಕೇಳಿದವರ ಮುಂದೆ ಮಾತ್ರ ರೋಗಶಾಸ್ತ್ರದ ವರದಿಯನ್ನು ತೆರೆದಿಡುತ್ತೇನೆ. ಕನಿಷ್ಠ 16 ದುಗ್ಧರಸ ಗ್ರಂಥಿಗಳನ್ನಾದರೂ ಪರೀಕ್ಷಿಸಿದ್ದಾರೆಯೇ, ಅವುಗಳಲ್ಲಿ ಎಷ್ಟಕ್ಕೆ ಕ್ಯಾನ್ಸರ್ ಹರಡಿದೆ ಎಂಬಲ್ಲಿಂದ ಮಾತು ಶುರು ಮಾಡುತ್ತೇನೆ.