ಕಷ್ಟ ಕಂಡ ಮಗು ಹದಿಹರೆಯಕ್ಕೆ ಬಂದಾಗ: ಜೊತೆಗೆ ನಿಲ್ಲುವುದು ಹೇಗೆ?

ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಜೂನ್ 1ಕ್ಕೆ ಯಾಂತ್ರಿಕ ಬೋಟುಗಳು ದಡ ಸೇರುತ್ತವೆ. ಜುಲೈ 31ರವರೆಗೆ, ಅಂದರೆ 61 ದಿನ, ಕಾರವಾರದಿಂದ ಭಟ್ಕಳದವರೆಗೂ ಅವು ಕಡಲಿಗೆ ಇಳಿಯುವುದಿಲ್ಲ. ಸಾಲವೂ ಕುಡಿತವೂ ಇರುವ ಮನೆಯ ಮಕ್ಕಳಿಗೆ ಆ ಎರಡು ತಿಂಗಳು ಬಹಳ ಉದ್ದ. ಇನ್ನು ಕೆಲವು ಮಕ್ಕಳು ಚಿಕ್ಕಂದಿನಲ್ಲೇ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡಿರುತ್ತಾರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಆದ ಹಾಗೆ ಗುಡ್ಡ ಕುಸಿದದ್ದನ್ನು ಹತ್ತಿರದಿಂದ ಕಂಡ ಮಗುವಿಗೆ ಜೋರು ಮಳೆಯ ಸದ್ದೇ ಭಯ ತರಬಹುದು.

ಇಂಥ ಮಕ್ಕಳಿಗೆ ಹದಿಮೂರೋ ಹದಿನಾಲ್ಕೋ ಆದಾಗ ಊರು ಹೇಳುವುದು ಒಂದೇ ಮಾತು: 'ಇವನು ಕೈ ತಪ್ಪಿದ'. ಆ ಮಾತು ಸರಿಯಲ್ಲ. ಆ ವಯಸ್ಸು ಎರಡನೇ ಅವಕಾಶ.

ಮೊದಲು, ಒಳಗೆ ನಡೆಯುವುದನ್ನು ತಿಳಿಯಿರಿ

ಅಪಾಯವನ್ನು ಗುರುತಿಸುವ ಅಮಿಗ್ಡಾಲಾ ಎಂಬ ಭಾಗ ಮೆದುಳಿನ ಆಳದಲ್ಲಿದೆ. ದಿನಾ ಭಯದಲ್ಲೇ ಬೆಳೆದ ಮಗುವಿಗೆ ಅದು ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ. ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನಿನ ಏರಿಳಿತವೂ ಹದ ತಪ್ಪಬಹುದು. ಸಿಟ್ಟನ್ನು ತಡೆದು, 'ನಿಲ್ಲು, ಯೋಚಿಸು' ಎನ್ನುವ ಪ್ರೀಫ್ರಾಂಟಲ್ ಕಾರ್ಟೆಕ್ಸ್ ಇರುವುದು ಹಣೆಯ ಹಿಂದೆ. ಅದು ಪೂರ್ತಿ ಬಲಿಯುವಾಗ ವಯಸ್ಸು ಇಪ್ಪತ್ತೈದರ ಆಸುಪಾಸು.

ಹದಿಹರೆಯದಲ್ಲಿ ಮೆದುಳು ಬಳಸದ ಜೋಡಣೆಗಳನ್ನು ಕಳಚುತ್ತದೆ, ಬಳಸುವುದನ್ನು ಗಟ್ಟಿ ಮಾಡುತ್ತದೆ. ಶಿರಸಿ ಕಡೆಯ ಬೆಟ್ಟದ ಕಾಲುದಾರಿಯ ಹಾಗೆ: ನಡೆದರೆ ಉಳಿಯಿತು, ಬಿಟ್ಟರೆ ಒಂದೇ ಮಳೆಗಾಲಕ್ಕೆ ಮುಚ್ಚಿತು. ಹಳೆಯ ಭಯ ಪೂರ್ತಿ ಅಳಿಯದೇ ಇರಬಹುದು. ಆದರೆ ಹೊಸ ದಾರಿ ಬೀಳಲು ಇದು ಒಳ್ಳೆಯ ಕಾಲ.

ಆ ಒಬ್ಬರು ನೀವಾಗಿ

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಜೊತೆಗಾರರು ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಒಡೆದ ಮನೆ, ಹೀಗೆ ಹಲವು ಕಷ್ಟ ಒಟ್ಟಿಗೆ ಇದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿ ಬೆಳೆದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು, ಬಿಟ್ಟುಹೋಗದ ಒಬ್ಬ ಹಿರಿಯರು. ಅವರು ಹೆತ್ತವರೇ ಆಗಬೇಕಿರಲಿಲ್ಲ. ನಮ್ಮಲ್ಲಿ ಅದು ಅಜ್ಜಿಯಾಗಬಹುದು, ಸೋದರಮಾವ, ಶಾಲೆಯ ಅಕ್ಕೋರು, ಪಕ್ಕದ ಮನೆಯವರು ಆಗಬಹುದು.

ಹಾಗಾಗಿ ವಾರಕ್ಕೊಂದು ಹೊತ್ತು ಗೊತ್ತುಮಾಡಿ, ತಪ್ಪಿಸಬೇಡಿ. ಎದುರು ಕೂರಿಸಿ ಬುದ್ಧಿ ಹೇಳಬೇಡಿ. ಕೈಗೆ ಕೆಲಸ ಇರಲಿ: ಹರಿದ ಬಲೆ ಸರಿಮಾಡುವುದು, ಅಡಿಕೆ ಸುಲಿಯುವುದು, ವಾಲಿಬಾಲ್, ಯಕ್ಷಗಾನದ ಹೆಜ್ಜೆ. ಈ ವಯಸ್ಸಿನವರು ಮುಖಕ್ಕೆ ಮುಖ ಕೊಟ್ಟು ಹೇಳದ್ದನ್ನು ಅಕ್ಕಪಕ್ಕ ಕೂತು ಹೇಳುತ್ತಾರೆ. ಮೊದಲ ಕೆಲವು ವಾರ ಏನೂ ಹೇಳದಿದ್ದರೂ ಸುಮ್ನೆ ಬನ್ನಿ. ನೀವು ಮತ್ತೆ ಬರುತ್ತೀರೋ ಇಲ್ಲವೋ ಎಂದು ಮಗು ನೋಡುತ್ತಿರುತ್ತದೆ, ಅಲ್ವಾ?

ಸಿಟ್ಟು ಬಂದಾಗ

ನಿಮ್ಮ ದನಿ ತಗ್ಗಿಸಿ. ಕಿರುಚಿದರೆ ಅವನ ಮೆದುಳಿಗೆ ಅದು ಮತ್ತೊಂದು ಅಪಾಯ ಅಷ್ಟೇ. ನಿಧಾನವಾಗಿ ಉಸಿರು ಬಿಡಲು ಹೇಳಿ, ನೀವೂ ಬಿಡಿ. 'ಯಾಕೆ ಹೀಗೆ ಮಾಡಿದೆ?' ಎಂಬ ಪ್ರಶ್ನೆ ಊಟ ಆದ ಮೇಲೆ ಕೇಳಿದರೂ ಆಯಿತು. ಆದರೆ ಕೇಳಲೇಬೇಕು. ಕಷ್ಟ ಕಂಡ ಮಗು ಎಂದು ನಿಯಮ ಬಿಟ್ಟುಕೊಟ್ಟರೆ ಅದಕ್ಕೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ನಿದ್ದೆ

ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ನಿದ್ದೆಯ ಹೊತ್ತು ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ತಡವಾಗಿ ಏರುವುದರಿಂದ ನಿದ್ದೆಯೂ ತಡ. ಅದು ಸೋಮಾರಿತನ ಅಲ್ಲ. ರಾತ್ರಿ ಮೊಬೈಲ್ ಬೇರೆ ಕೋಣೆಯಲ್ಲಿ ಇರಲಿ.

ದೊಡ್ಡ ಗುಟ್ಟು ಹೊರಬಂದರೆ

'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. 'ನೀನು ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿನ್ನದಲ್ಲ, ನಿನ್ನನ್ನು ಕಾಪಾಡಬಲ್ಲವರಿಗೆ ಮಾತ್ರ ತಿಳಿಸ್ತೇನೆ' ಎನ್ನಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯಂತೆ ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಸಾಯುವ ಮಾತು, ಮೈಗೆ ಗಾಯ ಮಾಡಿಕೊಳ್ಳುವುದು ಕಂಡರೆ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ವಾರಗಟ್ಟಲೆ ಯಾರೊಡನೆಯೂ ಬೆರೆಯದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ನಲ್ಲಿ ವಿಚಾರಿಸಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ. ಕರೆ ಮಾಡುವಾಗ ಮಗು ಪಕ್ಕದಲ್ಲಿ ಇರಲೇಬೇಕೆಂದಿಲ್ಲ. ನಿಮಗೆ ಏನು ಕಂಡಿತು, ಎಷ್ಟು ದಿನದಿಂದ ಎಂದು ಹೇಳಿ ಮಾತು ಶುರುಮಾಡಿ.