ವಾಕ್ಯದ ತುದಿ ಜಾರದಿರಲಿ: ಸಭೆಯಲ್ಲಿ ಮಾತನಾಡುವ ಬಗೆ

ಕೆಲವು ವರ್ಷಗಳ ಹಿಂದೆ ದಾವಣಗೆರೆಯ ನಮ್ಮ ಬಡಾವಣೆಯ ಸಭೆಯೊಂದರಲ್ಲಿ, ರಸ್ತೆ ಅಗಲ ಮಾಡಲು ಬೇವಿನ ಮರಗಳನ್ನು ಉರುಳಿಸುವ ಪ್ರಸ್ತಾಪದ ವಿರುದ್ಧ ನಾನು ಐದು ನಿಮಿಷ ಮಾತನಾಡಿದೆ. ಕೊನೆಯ ವಾಕ್ಯದಲ್ಲಿ ನೆರಳು, ಹಕ್ಕಿ, ಏಪ್ರಿಲ್ ತಿಂಗಳ ಬಿಸಿಲು ಎಲ್ಲವನ್ನೂ ಪೋಣಿಸಿಕೊಂಡು ‘ಆದ್ದರಿಂದ ಈ ಮರಗಳನ್ನು ಕಡಿಯಬಾರದು’ ಎಂಬಲ್ಲಿಗೆ ತಲುಪುವಷ್ಟರಲ್ಲಿ ನನ್ನ ಉಸಿರು ಮುಗಿದಿತ್ತು. ಸಭೆಯ ನಂತರ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಹತ್ತಿರ ಬಂದು, ‘ಅಲ್ರೀ, ನೀವೂ ಕಡೀರಿ ಅಂತೀರಲ್ಲ’ ಎಂದು ಬೇಸರಪಟ್ಟರು. ಅವರಿಗೆ ‘ಕಡಿಯ’ ಎಂಬುದು ಕೇಳಿಸಿತ್ತು, ‘ಬಾರದು’ ಕೇಳಿಸಿರಲಿಲ್ಲ.

ಇದು ನನ್ನೊಬ್ಬನ ದೌರ್ಬಲ್ಯವಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಬೇಕೋ ಬಾರದೋ, ಇದೆಯೋ ಇಲ್ಲವೋ, ಆಯಿತೋ ಆಗಲಿದೆಯೋ ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ಮಾತನಾಡುವವರ ಉಸಿರು ಕುಗ್ಗುವುದೂ, ಕಣ್ಣು ಚೀಟಿಯ ಮುಂದಿನ ಸಾಲಿಗೆ ಜಾರುವುದೂ ಅದೇ ಜಾಗದಲ್ಲಿ. ಆದ್ದರಿಂದ ಕನ್ನಡದಲ್ಲಿ ಭಾಷಣ ಕಲಿಯಬೇಕೆನ್ನುವವರು ವಾಕ್ಯದ ತುದಿಯನ್ನು ಕಾಯ್ದುಕೊಳ್ಳುವುದನ್ನೇ ಮೊದಲು ಕಲಿಯಬೇಕೆಂಬುದು ನನ್ನ ಅಭಿಪ್ರಾಯ. ಕೈಯನ್ನು ಎಲ್ಲಿಡಬೇಕು, ಯಾವ ಬಣ್ಣದ ಅಂಗಿ ತೊಡಬೇಕು ಎಂಬ ಚರ್ಚೆಗಳು ಆಮೇಲಿನವು.

ತಯಾರಿಯನ್ನೂ ತುದಿಯಿಂದಲೇ ಆರಂಭಿಸಿ. ಕೇಳುಗರು ಮನೆಗೆ ಒಯ್ಯಬೇಕಾದ ಒಂದೇ ಒಂದು ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಿ. ಚಿತ್ರದುರ್ಗದ ಸ್ವಸಹಾಯ ಸಂಘವೊಂದರಲ್ಲಿ ಮಳೆನೀರು ಸಂಗ್ರಹದ ಬಗ್ಗೆ ಮಾತನಾಡಬೇಕಾಗಿದೆ ಎಂದುಕೊಳ್ಳೋಣ. ‘ಈ ಮಳೆಗಾಲಕ್ಕೆ ಮೊದಲು ನಿಮ್ಮ ಚಾವಣಿಯ ನೀರಿಗೆ ಒಂದು ಪೈಪು, ಒಂದು ತೊಟ್ಟಿ ಹೊಂದಿಸಿರಿ’ ಎಂಬುದು ಕೊನೆಯ ವಾಕ್ಯವಾದರೆ, ಅದಕ್ಕೆ ದಾರಿ ಮಾಡದ ಮಾಹಿತಿ ಎಷ್ಟೇ ಸೊಗಸಾಗಿದ್ದರೂ ಚೀಟಿಯಿಂದ ಹೊರಗುಳಿಯಬೇಕು. ಜಾಗತಿಕ ಜಲಸಂಕಟದಿಂದ ಶುರು ಮಾಡುವ ಅಗತ್ಯವೂ ಇಲ್ಲ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ ಇಳಿಯುವ ವ್ಯವಸ್ಥೆಯನ್ನು ಸಂಘದ ಸದಸ್ಯೆಯರಲ್ಲಿ ಎಷ್ಟೋ ಜನ ಕಣ್ಣಾರೆ ಕಂಡಿರುತ್ತಾರೆ. ಅಲ್ಲಿಂದ ಆರಂಭಿಸಿದರೆ ಅವರೇ ನಿಮಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಾರೆ.

ಮುಂದಿನ ಕೆಲಸ ಚೀಟಿ. ಪೂರ್ತಿ ಭಾಷಣವನ್ನು ಬರೆದು ಬಾಯಿಪಾಠ ಮಾಡುವ ಅಭ್ಯಾಸ ಶಾಲೆಯ ಸ್ಪರ್ಧೆಗಳಿಂದ ನಮಗೆ ಅಂಟಿದೆ. ಪ್ರತಿಭಾ ಕಾರಂಜಿಯ ವೇದಿಕೆಯಲ್ಲಿ ಒಂದು ಪದ ಮರೆತು, ಮತ್ತೆ ‘ಮಾನ್ಯ ತೀರ್ಪುಗಾರರೆ’ ಎಂಬಲ್ಲಿಂದ ಶುರು ಮಾಡುವ ಮಗುವನ್ನು ನೋಡಿದವರಿಗೆ ಅದರ ಅಪಾಯ ಗೊತ್ತು. ಅಂಗೈಯಗಲದ ದಪ್ಪ ಕಾಗದದ ಮೇಲೆ ಆರೇಳು ಪದಗಳು, ಹೆಸರುಗಳು, ಅಂಕಿಗಳು ಇದ್ದರೆ ಸಾಕು. ಆದರೆ ಮೊದಲ ವಾಕ್ಯವನ್ನೂ ಕೊನೆಯ ವಾಕ್ಯವನ್ನೂ ಪೂರ್ತಿಯಾಗಿ ಬರೆದಿಟ್ಟುಕೊಳ್ಳಿ.

ಬಳಿಕ ಗಟ್ಟಿಯಾಗಿ ಅಭ್ಯಾಸ ಮಾಡಬೇಕು. ಮನಸ್ಸಿನಲ್ಲಿ ಓದಿಕೊಳ್ಳುವಾಗ ಉಸಿರು ಖರ್ಚಾಗುವುದಿಲ್ಲವಾದ್ದರಿಂದ, ಯಾವ ವಾಕ್ಯ ನಡುದಾರಿಯಲ್ಲಿ ಕೈಕೊಡುತ್ತದೆ ಎಂಬುದು ತಿಳಿಯುವುದೇ ಇಲ್ಲ. ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಹೋಗುವವರು ಫೋನಿನ ಧ್ವನಿಮುದ್ರಣವನ್ನು ಚಾಲೂ ಮಾಡಿ, ನಡೆಯುತ್ತಲೇ ಮಾತನಾಡಿ ನೋಡಬಹುದು; ಈಗ ಎಲ್ಲರೂ ಕಿವಿಗೆ ಏನನ್ನೋ ಸಿಕ್ಕಿಸಿಕೊಂಡು ಮಾತನಾಡುತ್ತಾ ನಡೆಯುವುದರಿಂದ ಯಾರೂ ತಿರುಗಿ ನೋಡುವುದಿಲ್ಲ. ಮನೆಗೆ ಬಂದು ಕೇಳುವಾಗ ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಗಮನಿಸಿ. ಅದು ಮೊದಲ ಪದದಷ್ಟೇ ಸ್ಪಷ್ಟವಾಗಿ ಕೇಳಿಸದಿದ್ದರೆ ಆ ವಾಕ್ಯವನ್ನು ಒಡೆಯಿರಿ. ಕಾಗದದ ಮೇಲೆ ಶೋಭಿಸುವ ‘ಮಾಡಿದ’, ‘ಬಂದಿರುವ’, ‘ಎನ್ನಲಾದ’ಗಳ ಸರಪಳಿ ಕಿವಿಗೆ ಭಾರ. ‘ಮರ ಕಡಿಯುವುದು ಬೇಡ’ ಎಂದು ಮೊದಲು ಹೇಳಿ ನಿಲ್ಲಿಸಿ, ಅನಂತರ ‘ಏಕೆಂದರೆ’ ಎಂದು ಕಾರಣಗಳಿಗೆ ಹೋಗಿದ್ದರೆ ಅಂದು ನನ್ನ ಮಾತು ಹಿಂದಿನ ಸಾಲಿಗೂ ಮುಟ್ಟುತ್ತಿತ್ತು.

ಹಿಂದಿನ ಸಾಲನ್ನು ಮುಟ್ಟುವ ವಿದ್ಯೆ ನಮ್ಮ ಊರಿಗೆ ಹೊಸದೇನೂ ಅಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದ ಊರು ಇದು. ಕಂಪನಿ ನಾಟಕದ ನಟರಿಗೆ ಹಿಂದೆ ಕೂತವನೂ ಟಿಕೆಟ್ ಕೊಂಡವನೇ ಎಂಬ ಅರಿವಿತ್ತು. ಅವರ ಗುಟ್ಟು ಕಿರುಚುವುದರಲ್ಲಿರಲಿಲ್ಲ. ಹೊಟ್ಟೆ ಉಬ್ಬುವಂತೆ ಉಸಿರು ತುಂಬಿಕೊಂಡು, ಅದನ್ನು ಮಾತಿನ ಕೊನೆಯವರೆಗೆ ಸ್ವಲ್ಪಸ್ವಲ್ಪವಾಗಿ ಬಿಡುವುದರಲ್ಲಿತ್ತು. ನೀವು ಒಂದು ಕೈಯನ್ನು ಹೊಕ್ಕುಳಿನ ಮೇಲಿಟ್ಟುಕೊಂಡು, ಉಸಿರೆಳೆದಾಗ ಕೈ ಮುಂದಕ್ಕೆ ಬರುವಂತೆ ದಿನಕ್ಕೆ ಐದು ನಿಮಿಷ ಅಭ್ಯಾಸ ಮಾಡಿ. ಇದೇ ಉಸಿರು ಅಂಜಿಕೆಗೂ ಮದ್ದಾಗುತ್ತದೆ. ಹೆದರಿದಾಗ ರಕ್ತಕ್ಕೆ ಸೇರುವ ಅಡ್ರಿನಾಲಿನ್ ಎದೆಬಡಿತವನ್ನು ಹೆಚ್ಚಿಸುತ್ತದೆ, ಆ ಹೊತ್ತಿನಲ್ಲಿ ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಒಳಗೆ ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಉಸಿರನ್ನು ಹೊರಬಿಟ್ಟರೆ ಬಡಿತ ನಿಧಾನವಾಗಿ ಇಳಿಯುತ್ತದೆ. ಹೆಸರು ಕರೆಯುವ ಮೊದಲು ಕುರ್ಚಿಯಲ್ಲಿ ಕುಳಿತೇ ನಾಲ್ಕೈದು ಬಾರಿ ಹೀಗೆ ಮಾಡಿ, ಒಂದು ಗುಟುಕು ನೀರು ಕುಡಿಯಿರಿ. ನಡುಕ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಮೈಕನ್ನು ಬಾಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ, ತುಸು ಓರೆಯಾಗಿ ಹಿಡಿಯಿರಿ. ನೇರವಾಗಿ ಹಿಡಿದರೆ ಪ, ಫ, ಭ ಅಕ್ಷರಗಳ ಗಾಳಿ ಅದಕ್ಕೆ ಬಡಿದು ‘ಡಬ್’ ಎನ್ನುತ್ತದೆ. ಅದರ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೂ, ಸೌಂಡ್ ಬಾಕ್ಸಿನ ಎದುರಿಗೆ ಹಿಡಿದು ನಿಂತರೂ ಕೀರಲು ಸದ್ದು ಏಳುತ್ತದೆ. ತಟ್ಟಿ, ಊದಿ ಪರೀಕ್ಷಿಸುವ ಬದಲು ‘ನಮಸ್ಕಾರ’ ಎಂದರೆ ಪರೀಕ್ಷೆಯೂ ಆಯಿತು, ಆರಂಭವೂ ಆಯಿತು.

ಇನ್ನು ಸಂಬೋಧನೆ. ನಮ್ಮ ಕಡೆಯ ಸಭೆಗಳಲ್ಲಿ ವೇದಿಕೆಯ ಮೇಲೆ ಹನ್ನೆರಡು ಜನ ಇದ್ದರೆ ಹನ್ನೆರಡು ಭಾಷಣಕಾರರೂ ಹನ್ನೆರಡು ಹೆಸರುಗಳನ್ನು ಬಿರುದುಗಳ ಸಮೇತ ಹೇಳುವ ರೂಢಿಯಿದೆ. ಐದು ನಿಮಿಷದ ಅವಕಾಶದಲ್ಲಿ ಎರಡು ನಿಮಿಷ ಅದಕ್ಕೇ ಸಂದು ಹೋಗುತ್ತದೆ. ಸಾನ್ನಿಧ್ಯ ವಹಿಸಿದ ಸ್ವಾಮೀಜಿ, ಅಧ್ಯಕ್ಷರು, ಮುಖ್ಯ ಅತಿಥಿ ಇವರನ್ನು ಹೆಸರಿಸಿ, ‘ವೇದಿಕೆಯ ಎಲ್ಲ ಗಣ್ಯರೆ, ಸಭಿಕರೆ’ ಎಂದರೆ ಗೌರವಕ್ಕೆ ಕುಂದಾಗದು. ಉಳಿದವರ ಹೆಸರುಗಳನ್ನು ಸ್ವಾಗತ ಕೋರಿದವರು ಆಗಲೇ ಹೇಳಿರುತ್ತಾರೆ.

ಮೊದಲ ಅವಕಾಶವಾಗಿ ವಂದನಾರ್ಪಣೆಯನ್ನು ಕೇಳಿ ಪಡೆಯಿರಿ. ಜನ ಊಟದ ಕಡೆಗೆ ಏಳುತ್ತಿರುವ ಹೊತ್ತಿನಲ್ಲಿ ಸಿಗುವ ಈ ಎರಡು ನಿಮಿಷಗಳು ಹೊಸಬರಿಗೆ ನಿಜವಾದ ಗರಡಿ: ವಿಷಯ ಸಿದ್ಧವಾಗಿಯೇ ಇರುತ್ತದೆ, ಹೆಸರು ತಪ್ಪಿದರೆ ಕೂಡಲೇ ಗೊತ್ತಾಗುತ್ತದೆ. ಕೇಳುವುದೂ ಅಭ್ಯಾಸದ ಭಾಗವೇ. ಸಿರಿಗೆರೆಯ ತರಳಬಾಳು ಮಠವು ಊರಿಂದೂರಿಗೆ ಕೊಂಡೊಯ್ಯುವ ಒಂಬತ್ತು ದಿನಗಳ ತರಳಬಾಳು ಹುಣ್ಣಿಮೆಯಲ್ಲಿ ಒಂದು ಸಂಜೆ ಹಿಂದಿನ ಸಾಲಿನಲ್ಲಿ ಕುಳಿತು, ಯಾರ ಯಾವ ವಾಕ್ಯಕ್ಕೆ ಜನರ ಗುಜುಗುಜು ನಿಂತಿತು, ಯಾವಾಗ ಮತ್ತೆ ಶುರುವಾಯಿತು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ.

ಮುಗಿಸುವಾಗ ‘ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ’ ಎಂಬ ಘೋಷಣೆ ಬೇಡ. ಅದನ್ನು ಹೇಳಿದ ಮೇಲೂ ಹತ್ತು ನಿಮಿಷ ಮುಂದುವರಿಸಿದವರನ್ನು ನಾವೆಲ್ಲ ಕೇಳಿದ್ದೇವೆ. ಮೊದಲೇ ಬರೆದಿಟ್ಟುಕೊಂಡ ಆ ವಾಕ್ಯಕ್ಕೆ ಮುಂಚೆ ಪೂರ್ತಿ ಉಸಿರೆಳೆದುಕೊಳ್ಳಿ, ಹಿಂದಿನ ಸಾಲಿನಲ್ಲಿ ಯಾರಾದರೊಬ್ಬರ ಮುಖ ನೋಡಿ, ಕ್ರಿಯಾಪದದವರೆಗೂ ಅದೇ ದನಿಯಲ್ಲಿ ಹೇಳಿ. ಎರಡು ಕ್ಷಣ ಸುಮ್ಮನೆ ನಿಂತು, ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಚೀಟಿಯನ್ನು ಅಲ್ಲೇ ಬಿಡದೆ ನಿಮ್ಮ ಕುರ್ಚಿಗೆ ಮರಳಿ.