ಪೇಟ ತೊಡಿಸುವಾಗ ಫೋಟೋಗ್ರಾಫರ್ ಊಟಕ್ಕೆ ಹೋಗಿದ್ದರು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಅಡ್ಮಿನ್ ಕೆಲಸ ನೋಡಿಕೊಳ್ಳುತ್ತೇನೆ. ನವೆಂಬರ್ ಬಂದರೆ ರಾಜ್ಯೋತ್ಸವ, ಅದೇ ವೇದಿಕೆಯಲ್ಲಿ ನಿವೃತ್ತರಾಗುವವರಿಗೆ ಸನ್ಮಾನ. ಫೋಟೋಗ್ರಾಫರನ್ನು ಗೊತ್ತು ಮಾಡುವ ಕೆಲಸ ಮೊದಲ ಸಲ ನನ್ನ ತಲೆಗೆ ಬಂದಾಗ, ಮದುವೆ ಫೋಟೋ ತೆಗೆಯುವ ಒಬ್ಬರ ಆಲ್ಬಮ್ ನೋಡಿ ಮರುಳಾದೆ. ರೇಟೂ ಕಡಿಮೆ. ಸರಿ ಅಂದೆ.

ಪೂರ್ತಿ ಅವರದೇ ತಪ್ಪು ಅನ್ನಲಾರೆ. ಮದುವೆಮನೆಯಲ್ಲಿ 'ಇನ್ನೊಂದ್ಸಲ ಹಾರ ಹಾಕಿ' ಅಂದರೆ ಹಾಕುತ್ತಾರೆ. ನಮ್ಮ ಎಂಡಿ ಹಾಕಲ್ಲ. ಕಾರ್ಯಕ್ರಮ ಒಂದು ಗಂಟೆ ತಡವಾಯಿತು, ಇವರು ಊಟಕ್ಕೆ ಹೋದರು. ಅಷ್ಟರಲ್ಲಿ 31 ವರ್ಷ ಲೇತ್ ಮುಂದೆ ನಿಂತು ದುಡಿದ ಟರ್ನರ್ ಒಬ್ಬರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮುಗಿದೇ ಹೋಯಿತು. ಮಾರನೇ ವಾರ ಅವರು ಬಂದು, "ಮೇಡಂ, ನಂದೊಂದು ಫೋಟೋಗೆ ಫ್ರೇಮ್ ಹಾಕಿಸ್ಬೇಕಿತ್ತು" ಅಂದರು. ಸುಮಾರು 600 ಫೋಟೋ ಹುಡುಕಿದೆ. ಸಿಕ್ಕಿದ್ದು ಒಂದು, ಸಾಲಿನ ತುದಿಯಲ್ಲಿ ಅರ್ಧ ಮುಖ. ದೀಪ ಬೆಳಗುವ ಅತಿಥಿಗಳದ್ದು ಮಾತ್ರ 40 ಇದ್ದವು!

ಮುಂದಿನ ವರ್ಷ ಆಲ್ಬಮ್ ಬೇಡ ಅಂದೆ. ಕೊಟೇಷನ್ ಕಳಿಸಿದ ಮೂವರಿಗೂ ಒಂದೇ ಮಾತು: ಯಾವುದಾದರೂ ಒಂದು ಕಂಪನಿ ಕಾರ್ಯಕ್ರಮದಲ್ಲಿ ತೆಗೆದ ಫೋಟೋಗಳನ್ನು ಮೊದಲಿಂದ ಕೊನೆವರೆಗೆ ತೋರಿಸಿ. ಹತ್ತು ಒಳ್ಳೆ ಫೋಟೋ ಯಾರ ಹತ್ತಿರ ಇರಲ್ಲ? ಮುನ್ನೂರನೆಯದು ಹೇಗಿದೆ ಅಂತ ನೋಡಬೇಕು, ಅಲ್ವಾ? ಒಬ್ಬರು ತೋರಿಸಲೇ ಇಲ್ಲ. ಇನ್ನೊಬ್ಬರ ಫೋಟೋಗಳಲ್ಲಿ ಭಾಷಣ ಮಾಡುವವರ ಬಾಯಿಯೆಲ್ಲ ಮೈಕ್ ಹಿಂದೆ.

ಮೂರನೆಯವರು ಹಿಂದಿನ ದಿನವೇ ಬಂದು ಹಾಲ್ ನೋಡಿದರು. ನಮ್ಮಲ್ಲಿರುವುದು ಹಳೇ ಚೋಕಿನ ಟ್ಯೂಬ್‌ಲೈಟು. ಕರೆಂಟು 50 ಹರ್ಟ್ಜ್ ಆದ್ದರಿಂದ ಅವು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ನಮ್ಮ ಕಣ್ಣಿಗೆ ಗೊತ್ತಾಗಲ್ಲ. ಶಟರ್ ಜಾಸ್ತಿ ವೇಗ ಇಟ್ಟರೆ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಮಂಕು. ಅದಕ್ಕೇ ಶಟರನ್ನು ಸೆಕೆಂಡಿನ 1/100ರಲ್ಲಿ ಇಡ್ತೀನಿ ಅಂದರು. ಕ್ಯಾಮೆರಾದಲ್ಲಿ ಎರಡು ಕಾರ್ಡು, ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ಕಾಪಿ. ಅಲ್ಲೇ ಮನಸ್ಸು ಗಟ್ಟಿಯಾಯಿತು.

ದುಡ್ಡಿನ ಮಾತು ಬೇಗ ಮುಗಿಯಿತು. 18% ಜಿಎಸ್‌ಟಿ ರೇಟಿನಲ್ಲಿ ಸೇರಿದೆಯಾ, ತಡವಾದರೆ ಗಂಟೆಗೆ ಎಷ್ಟು, ಫೋಟೋ ಯಾವತ್ತು ಕೊಡ್ತೀರಿ, ಅಷ್ಟೇ. ತಕರಾರು ಬಂದದ್ದು ಹಕ್ಕಿನ ವಿಷಯಕ್ಕೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು. ಇವರ ಫಾರ್ಮಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ 'ಹಕ್ಕು ಸ್ಟುಡಿಯೋದ್ದು' ಅಂತ ಇತ್ತು. ಸುಮ್ನೆ ಸೈನ್ ಹಾಕಿದ್ದರೆ ಅದೇ ಬೇರೆ ಒಪ್ಪಂದ! ಆ ಸಾಲು ಹೊಡೆದುಹಾಕಿಸಿದೆ. ಅವರ ಪ್ರಚಾರಕ್ಕೆ ಹತ್ತು ಫೋಟೋ ಬಳಸಬಹುದು ಅಂತ ಬರೆದುಕೊಟ್ಟೆ.

ನಾನು ಕೊಟ್ಟ ಹಾಳೆಯಲ್ಲಿ ಸನ್ಮಾನ ಆಗುವ ಏಳು ಜನರ ಹೆಸರು, ಪಾಸ್‌ಪೋರ್ಟ್ ಫೋಟೋ ಇದ್ದವು. ಸ್ಟೋರ್ಸ್‌ನ ಒಬ್ಬ ಹುಡುಗನಿಗೆ ಎಲ್ಲರ ಮುಖವೂ ಗೊತ್ತು. ಅವನನ್ನು ದಿನವಿಡೀ ಫೋಟೋಗ್ರಾಫರ್ ಪಕ್ಕದಲ್ಲೇ ಇರಿಸಿದೆ.

ಇನ್ನು ಊಟ. ಹನ್ನೊಂದೂವರೆಗೇ ಫೋಟೋಗ್ರಾಫರಿಗೆ ಎಲೆ ಹಾಕಿ ಅಂದೆ. "ಹೋಳಿಗೆ ಇನ್ನೂ ತಟ್ಟೇ ಇಲ್ಲ ಮೇಡಂ" ಅಂತ ಅಡುಗೆಯವರು ಗೊಣಗಿದರು. ಪಾಪ, ಫೋಟೋಗ್ರಾಫರ್ ಅನ್ನ ಸಾರಿನಲ್ಲೇ ಎದ್ದರು. ಹೋಳಿಗೆ ಸಂಜೆ ಪಾರ್ಸಲ್ ಕಟ್ಟಿಸಿದೆ.